ಹತ್ತು ಸೆಂಟಿನ ಕಥೆಗಳು: ಪಲ್ಪ್ ಪತ್ರಿಕೆಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಕ್ರಮವನ್ನು ವಿವರಿಸುವಾಗ ‘ಪಲ್ಪ್ ಪತ್ರಿಕೆಗಳ ಕಾಗದದಂತೆ ಬೇಗ ಪುಡಿಯಾಗುತ್ತದೆ’ ಎಂದು ಒಂದು ಮಾತು ಬರೆದಿದ್ದೆ. ಪಲ್ಪ್ ಪತ್ರಿಕೆ ಎಂದರೆ ಅಮೆರಿಕದಲ್ಲಿ ಒರಟಾದ ಅಗ್ಗದ ಕಾಗದದ ಮೇಲೆ ಅಚ್ಚಾಗುತ್ತಿದ್ದ ಕಥಾಪತ್ರಿಕೆ. ಆ ಮಾತನ್ನೇ ಹಿಡಿದು ಬಂದ ಪತ್ರಗಳು ಒಂದು ಕಟ್ಟು ಆಗಿವೆ. ಹಾಗಾಗಿ ಈ ತಿಂಗಳ ಅಂಕಣವನ್ನು ಪೂರ್ತಿ ಅವುಗಳಿಗೇ ಕೊಡುತ್ತಿದ್ದೇನೆ. ಮೂವತ್ತೊಂದು ವರ್ಷ ಕಾಲೇಜೊಂದರ ಗ್ರಂಥಾಲಯದಲ್ಲಿ ಬೈಂಡರ್ ಆಗಿದ್ದವನು ನಾನು. ಕಥೆಗಿಂತ ಮೊದಲು ಕಾಗದ ನನ್ನ ಕೈಗೆ ಬರುತ್ತಿತ್ತು. ಉತ್ತರಗಳೂ ಅಲ್ಲಿಂದಲೇ ಶುರುವಾಗುತ್ತವೆ.

ಪಲ್ಪ್ ಎಂದರೆ ಕೀಳು ಅಭಿರುಚಿಯ ಕಥೆ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನೀವು ಕಾಗದ ಎನ್ನುತ್ತೀರಿ. ಯಾವುದು ಸರಿ?
— ಓದುಗರೊಬ್ಬರು, ಚಿಂತಾಮಣಿ

ಮೊದಲು ಕಾಗದ, ಬೈಗುಳ ಆಮೇಲೆ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಯುರೋಪು, ಅಮೆರಿಕಗಳಲ್ಲಿ ಕಾಗದವನ್ನು ಮುಖ್ಯವಾಗಿ ಹಳೆಯ ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು. ಓದುವವರು ಹೆಚ್ಚಿದ ಹಾಗೆ ಚಿಂದಿ ಸಾಲದಾಯಿತು. 1844ರ ಸುಮಾರಿಗೆ ಜರ್ಮನಿಯ ಫ್ರೆಡ್ರಿಕ್ ಗಾಟ್ಲೋಬ್ ಕೆಲ್ಲರ್ ಎಂಬ ನೇಕಾರ ಮರದ ತುಂಡನ್ನು ನೀರು ಹಾಕಿ ಸಾಣೆಕಲ್ಲಿಗೆ ಉಜ್ಜಿ, ಬಂದ ತಿರುಳಿನಿಂದ ಕಾಗದ ಮಾಡಿ ತೋರಿಸಿದ. ಕೆನಡಾದ ನೋವಾ ಸ್ಕಾಟಿಯಾದಲ್ಲಿ ಚಾರ್ಲ್ಸ್ ಫೆನರ್ಟಿ ಎಂಬಾತನೂ ಅದೇ ಕಾಲಕ್ಕೆ ಅದೇ ದಾರಿಯಲ್ಲಿದ್ದ. ಆ ತಿರುಳೇ ಪಲ್ಪ್. ಹೀಗೆ ಅರೆದ ತಿರುಳಿನಲ್ಲಿ ಮರದ ಒಳಗಿನದ್ದೆಲ್ಲ ಉಳಿದುಕೊಳ್ಳುತ್ತದೆ, ಲಿಗ್ನಿನ್ ಎಂಬ ಅಂಟೂ ಸೇರಿ. ಬಿಸಿಲು, ಗಾಳಿ ತಾಗಿದರೆ ಲಿಗ್ನಿನ್ ಹಳದಿಯಾಗುತ್ತದೆ. ಶಾಯಿ ಹರಡದಿರಲೆಂದು ಸೇರಿಸುತ್ತಿದ್ದ ರಾಳ ಮತ್ತು ಪಟಿಕ ಕಾಗದದೊಳಗೇ ಆಮ್ಲವನ್ನು ಇಟ್ಟುಹೋಗುತ್ತವೆ. ಕಾಗದ ಪುಡಿಯಾಗುವುದು ಆ ಆಮ್ಲದಿಂದ.

ಇದನ್ನು ಬರೆಯುತ್ತಿರುವಾಗ ನನ್ನ ಮೇಜಿನ ಮೇಲೆ ‘ಆರ್ಗಸಿ’ ಎಂಬ ಅಮೆರಿಕದ ಪಲ್ಪ್ ಪತ್ರಿಕೆಯ 1937ರ ಒಂದು ವಾರದ ಸಂಚಿಕೆ ಇದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಕಾಲುದಾರಿಯಲ್ಲಿ ಒಂದು ಹಳೆಯ ರೇಡಿಯೊ ರಿಪೇರಿ ಪುಸ್ತಕದ ಅಡಿಯಲ್ಲಿ ಸಿಕ್ಕಿತು. 1943ರಿಂದ ಯುದ್ಧ ಮುಗಿಯುವ ತನಕ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಅಮೆರಿಕದ ಸೇನೆಯ ಕೈಯಲ್ಲಿತ್ತು. ಯಾವನೋ ಸಿಪಾಯಿಯ ಚೀಲದಲ್ಲಿ ಬಂದದ್ದಿರಬೇಕು ಎಂದು ನನ್ನ ಊಹೆ. ಸುಮಾರು ಏಳು ಇಂಚು ಅಗಲ, ಹತ್ತು ಇಂಚು ಉದ್ದ. ಮುಖಪುಟ ಮಾತ್ರ ನುಣುಪು ಕಾಗದ, ಕಣ್ಣು ಕುಕ್ಕುವ ಬಣ್ಣ, ಮೂಲೆಯಲ್ಲಿ ಬೆಲೆ: 10 ಸೆಂಟು, ಎಂದರೆ ಡಾಲರಿನ ಹತ್ತರಲ್ಲೊಂದು ಪಾಲು. ಒಳಗೆ ನಮ್ಮ ಬೆಲ್ಲದ ಅಚ್ಚಿನ ಬಣ್ಣಕ್ಕೆ ತಿರುಗಿದ ಒರಟು ಹಾಳೆಗಳು. ನಮ್ಮ ಪುಸ್ತಕಗಳಂತೆ ಫಾರಂಗಳನ್ನು, ಎಂದರೆ ಮಡಿಸಿದ ಹಾಳೆಗಳ ಕಟ್ಟುಗಳನ್ನು, ದಾರದಲ್ಲಿ ಹೊಲಿದಿಲ್ಲ. ಎಲ್ಲವನ್ನೂ ಒಟ್ಟಿಗೆ ಜೋಡಿಸಿ, ಪಕ್ಕದಿಂದ ಎರಡು ತಂತಿಪಿನ್ನು ಹೊಡೆದು, ಬೆನ್ನಿಗೆ ಅಂಟು ಬಳಿದು ಮುಖಪುಟ ಮೆತ್ತಿದ್ದಾರೆ. ಅಂಚುಗಳನ್ನು ಕತ್ತರಿಸಿ ಸಮ ಮಾಡುವ ಖರ್ಚನ್ನೂ ಉಳಿಸಿದ್ದಾರೆ. ಮುಖಪುಟ ಒಳಹಾಳೆಗಿಂತ ಒಂದಿಷ್ಟು ಹೊರಚಾಚಿರುವುದರಿಂದ ಸುತ್ತಲೂ ಹರಿದು ದಂತುರವಾಗಿದೆ. ಪುಟ ತಿರುಗಿಸಿದರೆ ಅಂಗೈಗೆ ಅವಲಕ್ಕಿ ಹೊಟ್ಟಿನಂಥ ಪುಡಿ ಉದುರುತ್ತದೆ.

ನಿಮ್ಮ ಮೇಷ್ಟ್ರು ಹೇಳಿದ್ದು ಆಮೇಲೆ ಅಂಟಿಕೊಂಡ ಅರ್ಥ. ನುಣುಪು ಕಾಗದದ ದುಬಾರಿ ಪತ್ರಿಕೆಗಳವರು ಒರಟು ಕಾಗದದವರನ್ನು ಪಲ್ಪಿನವರು ಎಂದು ಕರೆದರು. ಕಾಗದದ ಮೇಲಿನ ತಾತ್ಸಾರ ಕಥೆಯ ಮೇಲೂ, ಕೊನೆಗೆ ಓದುವವನ ಮೇಲೂ ಇಳಿಯಿತು. ಅದನ್ನು ನಾನು ಒಪ್ಪುವುದಿಲ್ಲ.

ಬರೀ ಕಥೆಗಳನ್ನೇ ನಂಬಿ ಪತ್ರಿಕೆ ನಡೆಸಬಹುದು ಎಂಬ ಧೈರ್ಯ ಮೊದಲು ಯಾರಿಗೆ ಬಂತು? ಅಷ್ಟು ಕಡಿಮೆ ಬೆಲೆಗೆ ಕೊಟ್ಟರೆ ಏಜೆಂಟನಿಗೆ ಏನು ಗಿಟ್ಟುತ್ತಿತ್ತು?
— ಪತ್ರಿಕಾ ಏಜೆಂಟರು, ಹಾಸನ

ನಿಮ್ಮ ಎರಡು ಪ್ರಶ್ನೆಗಳಿಗೂ ಒಬ್ಬನೇ ಮನುಷ್ಯನ ಬದುಕಿನಲ್ಲಿ ಉತ್ತರವಿದೆ. ಫ್ರಾಂಕ್ ಮನ್ಸಿ ಅಮೆರಿಕದ ಮೇನ್ ರಾಜ್ಯದ ಅಗಸ್ಟಾ ಎಂಬ ಊರಿನಲ್ಲಿ ತಂತಿ ಕಚೇರಿಯಲ್ಲಿದ್ದವನು. 1882ರಲ್ಲಿ ಒಂದಷ್ಟು ಹಸ್ತಪ್ರತಿ, ಜೇಬಿನಲ್ಲಿ ನಲವತ್ತು ಡಾಲರ್ ಇಟ್ಟುಕೊಂಡು ನ್ಯೂಯಾರ್ಕಿಗೆ ಬಂದ. ಹಣ ಹೂಡುತ್ತೇನೆಂದಿದ್ದವರು ಹಿಂದೆ ಸರಿದರು. ಪತ್ರಿಕೆ ಹೊರತರಲು ಒಪ್ಪಿದ ಪ್ರಕಾಶಕ ಕೆಲವೇ ತಿಂಗಳಲ್ಲಿ ದಿವಾಳಿಯಾದ. ಮನ್ಸಿ ಆ ಪತ್ರಿಕೆಯನ್ನು ತಾನೇ ಹೊತ್ತುಕೊಂಡ. ‘ಗೋಲ್ಡನ್ ಆರ್ಗಸಿ’ ಎಂಬ ಆ ಮಕ್ಕಳ ವಾರಪತ್ರಿಕೆಯ ಮೊದಲ ಸಂಚಿಕೆಯ ಮೇಲೆ 1882ರ ಡಿಸೆಂಬರ್ ತಾರೀಖು ಇದೆ. ಮುಂದೆ ಅದೇ ‘ಆರ್ಗಸಿ’ ಆಗಿ, 1896ರಲ್ಲಿ ದೊಡ್ಡವರಿಗಾಗಿ ಪೂರ್ತಿ ಕಥೆಗಳದೇ ಮಾಸಿಕವಾಯಿತು. ಆ ವರ್ಷದ ಕೊನೆಗೆ ಅಗ್ಗದ ಪಲ್ಪ್ ಕಾಗದಕ್ಕೆ ಇಳಿಯಿತು: 192 ಪುಟ, ಒಳಗೆ ಒಂದೂ ಚಿತ್ರವಿಲ್ಲ, ಬೆಲೆ 10 ಸೆಂಟು. ಚರಿತ್ರೆ ಬರೆಯುವವರು ಮೊದಲ ಪಲ್ಪ್ ಪತ್ರಿಕೆ ಎನ್ನುವುದು ಇದನ್ನೇ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದರ ಪ್ರಸಾರ ಐದು ಲಕ್ಷದ ಹತ್ತಿರ ಹೋಗಿತ್ತು.

ಇನ್ನು ನಿಮ್ಮ ವೃತ್ತಿಯ ವಿಷಯ. ಆ ದೇಶದಲ್ಲಿ ಪತ್ರಿಕೆಗಳ ವಿತರಣೆ ಹೆಚ್ಚುಕಡಿಮೆ ಅಮೆರಿಕನ್ ನ್ಯೂಸ್ ಕಂಪನಿ ಎಂಬ ಒಂದೇ ಸಂಸ್ಥೆಯ ಮುಷ್ಟಿಯಲ್ಲಿತ್ತು. 1893ರಲ್ಲಿ ಮನ್ಸಿ ತನ್ನ ಇನ್ನೊಂದು ಪತ್ರಿಕೆಯ ಬೆಲೆಯನ್ನು 25 ಸೆಂಟಿನಿಂದ 10 ಸೆಂಟಿಗೆ ಇಳಿಸಿದಾಗ, ಅವನಿಗೆ ಗಿಟ್ಟುವ ದರ ಕೊಡಲು ಆ ಕಂಪನಿ ಒಪ್ಪಲಿಲ್ಲ. ಅವನು ಮಧ್ಯವರ್ತಿಯನ್ನು ಬಿಟ್ಟು ಅಂಗಡಿಯವರಿಗೇ ನೇರವಾಗಿ ಪತ್ರ ಬರೆದು, ಜಾಹೀರಾತು ಕೊಟ್ಟು, ಪ್ರತಿಗಳನ್ನು ಕಳಿಸತೊಡಗಿದ. ಅದು ಸಾಧ್ಯವಾದದ್ದು ಅಂಚೆಯಿಂದ. 1885ರಿಂದ ಅಲ್ಲಿ ನಿಯತಕಾಲಿಕಗಳಿಗೆ ಒಂದು ಪೌಂಡಿಗೆ ಒಂದೇ ಸೆಂಟಿನ ಅಂಚೆದರವಿತ್ತು. ಅಗ್ಗದ ಕಾಗದ, ವೇಗದ ರೋಟರಿ ಮುದ್ರಣ, ಅಗ್ಗದ ಅಂಚೆ, ಶಾಲೆಗೆ ಹೋಗಿ ಅಕ್ಷರ ಕಲಿತು ಪಟ್ಟಣದ ಕಾರ್ಖಾನೆ ಸೇರಿದ ಜನ. ಇಷ್ಟೂ ಒಂದೇ ಕಾಲಕ್ಕೆ ಕೂಡಿಬಂದದ್ದನ್ನು ಮನ್ಸಿ ಕಂಡ. ದಿನದ ಕೂಲಿಯಲ್ಲಿ ಹತ್ತು ಸೆಂಟು ತೆಗೆದಿಟ್ಟು ಒಂದು ವಾರದ ಓದನ್ನು ಮನೆಗೆ ತರುವ ಕೆಲಸಗಾರ ಅದಕ್ಕೆ ಮೊದಲು ಪ್ರಕಾಶಕರ ಲೆಕ್ಕದಲ್ಲಿ ಇದ್ದದ್ದು ಬಹಳ ಕಡಿಮೆ. 1860ರಿಂದ ಬರುತ್ತಿದ್ದ ಹತ್ತು ಸೆಂಟಿನ ‘ಡೈಮ್ ನಾವೆಲ್’ಗಳು ದಾರಿ ಮಾಡಿದ್ದವು, ನಿಜ. ಆದರೆ ಅದು ಒಂದು ಪುಸ್ತಕಕ್ಕೆ ಒಂದು ಕಥೆ. ಮನ್ಸಿ ಅದೇ ಹತ್ತು ಸೆಂಟಿಗೆ ಕಥೆಗಳ ಒಂದು ಮೂಟೆಯನ್ನೇ ಕೊಟ್ಟ.

ಡೈಮ್ ನಾವೆಲ್‌ಗಳನ್ನು ಅಚ್ಚು ಹಾಕುತ್ತಿದ್ದ ಸ್ಟ್ರೀಟ್ ಅಂಡ್ ಸ್ಮಿತ್ ಸಂಸ್ಥೆ ಇದನ್ನು ನೋಡಿ 1903ರಲ್ಲಿ ಕಣಕ್ಕೆ ಇಳಿಯಿತು. ಆಮೇಲೆ ಓದುಗನ ರುಚಿಗೆ ತಕ್ಕಂತೆ ಪತ್ರಿಕೆಗಳು ಕವಲೊಡೆದವು. 1915ರಲ್ಲಿ ಬರೀ ಪತ್ತೇದಾರಿ, 1919ರಲ್ಲಿ ಬರೀ ಅಮೆರಿಕದ ಪಶ್ಚಿಮ ಸೀಮೆಯ ಕುದುರೆ ಸವಾರರ ಕಥೆ, 1921ರಲ್ಲಿ ಬರೀ ಪ್ರೇಮ, 1923ರಲ್ಲಿ ದೆವ್ವ–ಭಯಗಳ ‘ವಿಯರ್ಡ್ ಟೇಲ್ಸ್’, 1926ರಲ್ಲಿ ವಿಜ್ಞಾನ ಕಥೆಗಳಿಗೇ ಮೀಸಲಾದ ‘ಅಮೇಜಿಂಗ್ ಸ್ಟೋರೀಸ್’. ರೈಲ್ವೆ ಕೆಲಸಗಾರರಿಗೆಂದೇ ಮನ್ಸಿ 1906ರಲ್ಲಿ ಒಂದು ಪತ್ರಿಕೆ ತೆಗೆದಿದ್ದ. ಗ್ಯಾಂಗ್‌ಮನ್ನನ ಮಗನಾದ ನನಗೆ ಆ ಸಂಗತಿ ಬಹಳ ಹಿಡಿಸಿತು.

ನಾನು ಸಣ್ಣಕಥೆ ಬರೆಯುತ್ತೇನೆ. ಆ ಲೇಖಕರಿಗೆ ಪದದ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದರಂತೆ. ಹಾಗೆ ಬರೆದರೆ ಬರವಣಿಗೆ ಕೆಡುವುದಿಲ್ಲವೇ ಸಾರ್?
— ಯುವ ಲೇಖಕ, ಹುಬ್ಬಳ್ಳಿ

ಕೆಡುತ್ತದೆ. ಕೆಟ್ಟದ್ದನ್ನು ನಾನೂ ಓದಿದ್ದೇನೆ. ಪದಕ್ಕೆ ಒಂದು ಸೆಂಟು ಎಂಬುದು ಸಾಮಾನ್ಯ ದರ. ಹೆಸರಾದವರಿಗೆ ಹೆಚ್ಚು, ಬಡ ಪತ್ರಿಕೆಗಳಲ್ಲಿ ಅರ್ಧ ಸೆಂಟು. ಬಾಗಿಲು ತೆರೆದ ಎಂದು ಬರೆದರೆ ಎರಡು ಸೆಂಟು. ಬಾಗಿಲಿನ ಬಳಿ ಹೋಗಿ, ನಿಂತು, ಕಿವಿಗೊಟ್ಟು, ನಡುಗುವ ಕೈಯಿಂದ ತೆರೆದರೆ ಅದರ ಮೂರ್ನಾಲ್ಕು ಪಟ್ಟು. ಮನೆ ಬಾಡಿಗೆ ಕಟ್ಟಬೇಕಾದವನು ಯಾವುದನ್ನು ಬರೆಯುತ್ತಾನೆ ಎಂದು ನಿಮಗೆ ಹೇಳಬೇಕಾಗಿಲ್ಲ. ‘ಶ್ಯಾಡೋ’ ಎಂಬ ನಾಯಕನ ಪತ್ರಿಕೆ 1931ರಲ್ಲಿ ಶುರುವಾಯಿತು. ಬೇಡಿಕೆ ಎಷ್ಟಿತ್ತೆಂದರೆ ಮರುವರ್ಷವೇ ತಿಂಗಳಿಗೆ ಎರಡು ಸಂಚಿಕೆ. ಎಂದರೆ ವರ್ಷಕ್ಕೆ ಇಪ್ಪತ್ತನಾಲ್ಕು ಕಾದಂಬರಿ. ಅಷ್ಟನ್ನೂ ವಾಲ್ಟರ್ ಗಿಬ್ಸನ್ ಎಂಬ ಒಬ್ಬನೇ ಮನುಷ್ಯ ಬೇರೆ ಹೆಸರಿನಲ್ಲಿ ಟೈಪು ಹೊಡೆದು ಕೊಟ್ಟ ಕಾಲವೂ ಇತ್ತು. ಆ ಪತ್ರಿಕೆಯ 325 ಸಂಚಿಕೆಗಳಲ್ಲಿ 280ಕ್ಕೂ ಹೆಚ್ಚು ಕಾದಂಬರಿ ಅವನದೇ. ಫ್ರೆಡರಿಕ್ ಫೌಸ್ಟ್ ಎಂಬವನಿಗೆ ಕವಿಯಾಗುವ ಆಸೆ. ಹೊಟ್ಟೆಪಾಡಿಗೆ ‘ಮ್ಯಾಕ್ಸ್ ಬ್ರಾಂಡ್’ ಮೊದಲಾಗಿ ಹತ್ತಾರು ಹೆಸರುಗಳಲ್ಲಿ ಎರಡು ಕೋಟಿಗೂ ಹೆಚ್ಚು ಪದ ಬರೆದ. 1944ರಲ್ಲಿ ಇಟಲಿಯಲ್ಲಿ ಯುದ್ಧ ವರದಿಗಾರನಾಗಿದ್ದಾಗ ಗಾಯಗೊಂಡು ತೀರಿಕೊಂಡ.

ಆದರೆ ತಮ್ಮಾ, ಇನ್ನೊಂದು ಮಗ್ಗುಲನ್ನೂ ನೋಡು. 1920ರಲ್ಲಿ ಶುರುವಾದ ‘ಬ್ಲ್ಯಾಕ್ ಮಾಸ್ಕ್’ ಪತ್ರಿಕೆಯನ್ನು ಅದರ ಸ್ಥಾಪಕರು ತಮ್ಮ ಗಂಭೀರ ಸಾಹಿತ್ಯ ಪತ್ರಿಕೆಯ ನಷ್ಟ ತುಂಬಿಕೊಳ್ಳಲಿಕ್ಕೆಂದೇ ತೆಗೆದಿದ್ದರು, ಕೆಲವೇ ತಿಂಗಳಲ್ಲಿ ಮಾರಿಬಿಟ್ಟರು. 1926ರಲ್ಲಿ ಜೋಸೆಫ್ ಶಾ ಅದರ ಸಂಪಾದಕನಾದ. ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ನಿಜವಾಗಿ ದುಡಿದಿದ್ದ ಡ್ಯಾಶಿಯಲ್ ಹ್ಯಾಮೆಟ್‌ನನ್ನು ಮುಂದಿಟ್ಟುಕೊಂಡು, ಒಂದು ಪದವೂ ಹೆಚ್ಚಾಗದಂತೆ ಬರೆಯಿರಿ ಎಂದು ಉಳಿದವರ ಬೆನ್ನು ಹತ್ತಿದ. ರೇಮಂಡ್ ಚಾಂಡ್ಲರ್ ತೈಲ ಕಂಪನಿಯಲ್ಲಿ ದೊಡ್ಡ ಹುದ್ದೆ ಕಳೆದುಕೊಂಡಾಗ ಅವನಿಗೆ ನಲವತ್ತನಾಲ್ಕು ವರ್ಷ. ಮೊದಲ ಕಥೆಯನ್ನು ತಿದ್ದಿ ತಿದ್ದಿ ಬರೆಯಲು ಐದು ತಿಂಗಳು ಹಿಡಿಯಿತು. 1933ರ ಡಿಸೆಂಬರ್ ಸಂಚಿಕೆಯಲ್ಲಿ ಬಂತು. ಹದಿನೆಂಟು ಸಾವಿರ ಪದ, ಸಿಕ್ಕಿದ್ದು 180 ಡಾಲರ್. ತಿಂಗಳಿಗೆ ಮೂವತ್ತಾರು ಡಾಲರ್ ಬಿತ್ತು. ಪದಕ್ಕೆ ಒಂದು ಸೆಂಟೇ ಅವನಿಗೂ ದರ. ಆದರೂ ಅವನು ಕಥೆಯನ್ನು ಎಳೆಯಲಿಲ್ಲ. ಇಂದು ಆ ದೇಶದ ವಿಶ್ವವಿದ್ಯಾಲಯಗಳಲ್ಲಿ ಅವನನ್ನು ಪಾಠ ಹೇಳುತ್ತಾರೆ. ಪೆನ್ಸಿಲ್ ಹೆರೆಯುವ ಯಂತ್ರಗಳ ವ್ಯಾಪಾರದಲ್ಲಿ ಸೋತಿದ್ದ ಎಡ್ಗರ್ ರೈಸ್ ಬರೋಸ್‌ನ ಟಾರ್ಜನ್ ಮೊದಲು ಬಂದದ್ದು ಕೂಡ 1912ರ ಅಕ್ಟೋಬರ್ ತಿಂಗಳ ‘ಆಲ್-ಸ್ಟೋರಿ’ ಎಂಬ ಪಲ್ಪಿನಲ್ಲೇ, ಇಡೀ ಕಾದಂಬರಿ ಒಂದೇ ಸಂಚಿಕೆಯಲ್ಲಿ. ಅದಕ್ಕೆ ಕೊಟ್ಟದ್ದು 700 ಡಾಲರ್.

ಪದಕ್ಕೆ ದುಡ್ಡು ಕೊಟ್ಟದ್ದಕ್ಕಿಂತ ದೊಡ್ಡದು ನನ್ನ ಕಣ್ಣಿಗೆ ಇದು: ಯಾರ ಶಿಫಾರಸೂ ಇಲ್ಲದವನ ಕಥೆಯನ್ನು ಅಲ್ಲಿ ಓದುತ್ತಿದ್ದರು. ಪ್ರತಿ ತಿಂಗಳೂ ತುಂಬಬೇಕಾದ ಪುಟಗಳು ಅಷ್ಟಿದ್ದವು. ನೀನು ಬರೆ.

ಈ ಪತ್ರಿಕೆಗಳ ಮುಖಪುಟ ನೋಡಿದರೆ ಹೆಂಗಸರು ಚಿತ್ರದಲ್ಲಿ ಮಾತ್ರ ಇದ್ದರೇನೋ ಅನಿಸುತ್ತದೆ. ಬರೆಯುವ, ಓದುವ ಹೆಂಗಸರು ಇರಲಿಲ್ಲವೇ?
— ನಿವೃತ್ತ ಉಪನ್ಯಾಸಕಿ, ಮಂಗಳೂರು

ಬಹಳ ಮಂದಿ ಇದ್ದರು ಮೇಡಂ. 1921ರ ‘ಲವ್ ಸ್ಟೋರಿ’ ಪಲ್ಪುಗಳಲ್ಲೇ ಅತಿ ಹೆಚ್ಚು ಮಾರಾಟವಾದವುಗಳ ಸಾಲಿಗೆ ಸೇರುತ್ತದೆ. ಅದನ್ನು 1928ರಿಂದ ಎರಡು ದಶಕ ನಡೆಸಿದವರು ಡೈಸಿ ಬೇಕನ್. ಟೈಪಿಸ್ಟ್ ಹುಡುಗಿಯರು, ಅಂಗಡಿಯ ಕೆಲಸದವರು, ಮನೆಗೆಲಸದ ಹೆಂಗಸರು ಅದರ ಓದುಗರು. ನೀವು ಹೇಳುವ ಮುಖಪುಟಗಳ ಪೈಕಿ ‘ವಿಯರ್ಡ್ ಟೇಲ್ಸ್’ನ ಹೆಸರಾಂತ ಚಿತ್ರಗಳನ್ನು ಬರೆದದ್ದೇ ಒಬ್ಬ ಹೆಂಗಸು, ಮಾರ್ಗರೆಟ್ ಬ್ರಂಡೇಜ್. ಸಹಿ ‘ಎಂ. ಬ್ರಂಡೇಜ್’ ಎಂದಷ್ಟೇ ಇರುತ್ತಿದ್ದುದರಿಂದ ಓದುಗರು ಗಂಡಸೆಂದೇ ತಿಳಿದಿದ್ದರು. ಇಂಡಿಯಾನಾಪೊಲಿಸ್‌ನ ಬ್ಯಾಂಕಿನಲ್ಲಿ ಕಾರ್ಯದರ್ಶಿಯಾಗಿದ್ದ ಕ್ಯಾಥರೀನ್ ಮೂರ್ 1933ರಲ್ಲಿ ಅದೇ ಪತ್ರಿಕೆಯಲ್ಲಿ ಸಿ. ಎಲ್. ಮೂರ್ ಎಂದು ಬರೆದರು. ಆರ್ಥಿಕ ಹಿಂಜರಿತದ ಆ ಕಾಲದಲ್ಲಿ, ಬೇರೆ ಸಂಪಾದನೆ ಇದೆಯೆಂದು ತಿಳಿದರೆ ಬ್ಯಾಂಕಿನ ಕೆಲಸ ಹೋದೀತು ಎಂಬ ಭಯಕ್ಕೆ ಪೂರ್ತಿ ಹೆಸರನ್ನು ಮರೆಮಾಡಿದ್ದರು. 1940ರಿಂದ ಆ ಪತ್ರಿಕೆಗೆ ಡೊರೊತಿ ಮೆಕ್‌ಇಲ್‌ರೈತ್ ಎಂಬಾಕೆ ಸಂಪಾದಕಿ.

ಮುಖಪುಟಗಳ ಬಗ್ಗೆ ನಿಮಗೆ ಬಂದ ಬೇಸರ ನನಗೂ ಇದೆ. ಕಟ್ಟಿಹಾಕಿದ ಹೆಂಗಸು, ಹಳದಿ ಬಣ್ಣ ಬಳಿದ ಚೀನೀ ಖಳ, ಕಪ್ಪು ಜನರನ್ನು ಕಾಡಿನವರೆಂದು ತೋರಿಸುವ ಕಥೆ ಅವುಗಳಲ್ಲಿ ಹೇರಳವಾಗಿವೆ. ಅದು ಅಗ್ಗದ ಕಾಗದದ ತಪ್ಪಲ್ಲ. ಮಾರುವವರು ಬೇಕೆಂದೇ ಆರಿಸಿಕೊಂಡದ್ದು.

ಹತ್ತನೆಯ ತರಗತಿಯ ಮಗ ಸದಾ ರೋಚಕ ಕಥೆಗಳನ್ನೇ ಓದುತ್ತಾನೆ. ಬಿಡಿಸಬೇಕೇ?
— ಗೃಹಿಣಿ, ತುಮಕೂರು

ಬಿಡಿಸಬೇಡಿ ತಾಯಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮಿಠಾಯಿ ಅಂಗಡಿ ಇತ್ತು. ರಷ್ಯಾದಿಂದ ವಲಸೆ ಬಂದ ಅಪ್ಪ ಅಲ್ಲಿ ಪತ್ರಿಕೆಗಳನ್ನೂ ಮಾರುತ್ತಿದ್ದ. ತನ್ನ ಮಗ ಅವನ್ನು ಓದುವುದು ಮಾತ್ರ ಅಪ್ಪನಿಗೆ ಬೇಡವಾಗಿತ್ತು. ಒಂದು ಪತ್ರಿಕೆಯ ಹೆಸರಿನಲ್ಲಿ ‘ಸೈನ್ಸ್’ ಎಂಬ ಪದವಿತ್ತು. ಇದು ವಿಜ್ಞಾನದ್ದು ಎಂದು ಮಗ ಅಪ್ಪನನ್ನು ಒಪ್ಪಿಸಿದ. ಓದಿದ ಮೇಲೆ ಸುಕ್ಕಾಗದಂತೆ ತಿರುಗಿ ಅಂಗಡಿಯಲ್ಲಿಡಬೇಕಿತ್ತು. ಆ ಹುಡುಗ ಐಸಾಕ್ ಅಸಿಮೊವ್. ಅವನ ಮೊದಲ ಕಥೆ ‘ಅಮೇಜಿಂಗ್ ಸ್ಟೋರೀಸ್’ನ 1939ರ ಮಾರ್ಚ್ ಸಂಚಿಕೆಯಲ್ಲಿ ಬಂತು, 64 ಡಾಲರ್ ಸಿಕ್ಕಿತು. ಮುಂದೆ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕನಾದ. ನಿಮ್ಮ ಮಗ ಓದಿದ ಕಥೆಯನ್ನು ರಾತ್ರಿ ಊಟಕ್ಕೆ ಕೂತಾಗ ನಿಮಗೆ ಹೇಳಲಿ.

ನಮ್ಮ ಪತ್ತೇದಾರಿ ಕಾದಂಬರಿಗಳನ್ನು ಕನ್ನಡದ ಪಲ್ಪ್ ಎನ್ನಬಹುದೇ?
— ಓದುಗರೊಬ್ಬರು, ಸಾಗರ

ಹತ್ತಿರದ ನೆಂಟರು, ಆದರೆ ಒಂದೇ ಮನೆಯವರಲ್ಲ. ಅಲ್ಲಿ ಪತ್ರಿಕೆ, ಇಲ್ಲಿ ಜೇಬಿಗೆ ಹಿಡಿಯುವ ಬಿಡಿ ಪುಸ್ತಕ. ಅಲ್ಲಿ ಕೊಂಡು ಓದಿದರು. ಇಲ್ಲಿ ದಿನಕ್ಕಿಷ್ಟು ಪೈಸೆ ಎಂದು ಬಾಡಿಗೆಗೆ ತಂದು ಓದಿದೆವು. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೆಯ ತರಗತಿಯವರೆಗೆ. ‘ಪತ್ತೇದಾರ ಪುರುಷೋತ್ತಮನ ಸಾಹಸ’ದಿಂದ ಮೊದಲುಗೊಂಡು 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಕನ್ನಡ ಬಾವುಟಕ್ಕೆ ರೂಪ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ.

ನಾನು ರಟ್ಟು ಕಟ್ಟುವುದನ್ನು ಕಲಿತದ್ದು ಈ ಪುಸ್ತಕಗಳ ಮೇಲೆ. ಶಿವಮೊಗ್ಗದಲ್ಲಿ ನಮ್ಮ ಬೀದಿಯ ಬಾಡಿಗೆ ಲೈಬ್ರರಿಯವರು ಹೊಸ ಪುಸ್ತಕ ಬಂದ ದಿನವೇ ಅದನ್ನು ನನ್ನ ಗುರುಗಳ ಅಂಗಡಿಗೆ ಕಳಿಸುತ್ತಿದ್ದರು. ಮುಖಪುಟ ಬಿಚ್ಚಿ, ದಬ್ಬಳದಿಂದ ಪಕ್ಕದಲ್ಲಿ ಮೂರು ತೂತು ಹಾಕಿ, ಮೇಣ ಸವರಿದ ದಾರದಲ್ಲಿ ಬಿಗಿದು, ಮೈದಾ ಗೋಂದಿನಿಂದ ಕಂದು ರಟ್ಟು ಅಂಟಿಸಿ, ಮುಖಪುಟವನ್ನು ಅದರ ಮೇಲೆ ಮತ್ತೆ ಮೆತ್ತುತ್ತಿದ್ದೆವು. ಗೋಂದಿಗೆ ಚಿಟಿಕೆ ಮೈಲುತುತ್ತ, ಹುಳ ಹಿಡಿಯದಿರಲೆಂದು. ಹಾಗೆ ಕಟ್ಟಿದ ಪುಸ್ತಕ ನೂರು ಕೈ ತಿರುಗಿ ಬರುತ್ತಿತ್ತು. ಎಣ್ಣೆಯ ಬೆರಳಿನ ಗುರುತು, ಬಸ್ ಟಿಕೆಟಿನ ಚೂರು, ಕೊಲೆಗಾರ ಯಾರೆಂದು ಮೊದಲ ಪುಟದಲ್ಲೇ ಪೆನ್ಸಿಲಿನಲ್ಲಿ ಬರೆದಿಟ್ಟ ಪುಣ್ಯಾತ್ಮನ ಅಕ್ಷರ, ಎಲ್ಲವೂ ಅದರೊಳಗೆ.

ನಾನು ಕೆಲಸ ಮಾಡಿದ ಗ್ರಂಥಾಲಯಕ್ಕೆ ಒಮ್ಮೆ ಯಾರೋ ಇಂಥ ಎರಡು ಗೋಣಿಚೀಲ ಪುಸ್ತಕಗಳನ್ನು ದಾನ ಕೊಟ್ಟಿದ್ದರು. ದಾಖಲೆ ಪುಸ್ತಕಕ್ಕೆ ಏರಿಸುವ ಯೋಗ್ಯತೆ ಇಲ್ಲವೆಂದು ತೂಕಕ್ಕೆ ಹಾಕಿದರು. ರದ್ದಿಯವನ ತಕ್ಕಡಿಗೆ ಅವನ್ನು ಎತ್ತಿಟ್ಟವನು ನಾನೇ. ಆ ಸಂಜೆ ಊಟ ಸೇರಲಿಲ್ಲ.

ಇಷ್ಟು ಜನಪ್ರಿಯವಾಗಿದ್ದವು ನಿಂತದ್ದೇಕೆ? ನಮ್ಮ ತಾತನ ಪೆಟ್ಟಿಗೆಯಲ್ಲಿ ಇಂಥ ಇಂಗ್ಲಿಷ್ ಪತ್ರಿಕೆಗಳೂ ಹಳೆಯ ಕನ್ನಡ ಪತ್ತೇದಾರಿಗಳೂ ಇವೆ. ಮುಟ್ಟಿದರೆ ಪುಡಿಯಾಗುತ್ತವೆ. ಏನು ಮಾಡಲಿ?
— ಓದುಗರೊಬ್ಬರು, ಧಾರವಾಡ

ನಿಂತ ಕಾರಣ ಸಣ್ಣದಾಗಿ ಹೇಳುತ್ತೇನೆ. 1938ರಲ್ಲಿ ಸೂಪರ್‌ಮ್ಯಾನ್ ಬಂದ ಮೇಲೆ ಹುಡುಗರು ಬಣ್ಣದ ಕಾಮಿಕ್ಸ್ ಕಡೆ ಹೋದರು. 1939ರಲ್ಲಿ 25 ಸೆಂಟಿನ ಪಾಕೆಟ್ ಪುಸ್ತಕಗಳು ಶುರುವಾದವು. ಯುದ್ಧಕಾಲದಲ್ಲಿ ಕಾಗದಕ್ಕೆ ಪಡಿತರ ಬಂತು. 1943ರಲ್ಲಿ ‘ಆರ್ಗಸಿ’ಯೇ ನುಣುಪು ಕಾಗದಕ್ಕೆ ಬದಲಾಯಿತು. 1949ರಲ್ಲಿ ಸ್ಟ್ರೀಟ್ ಅಂಡ್ ಸ್ಮಿತ್ ಒಂದು ವಿಜ್ಞಾನ ಕಥಾಪತ್ರಿಕೆಯನ್ನು ಉಳಿಸಿಕೊಂಡು ಮಿಕ್ಕ ಪಲ್ಪುಗಳನ್ನೆಲ್ಲ ಮುಚ್ಚಿತು. ಉಳಿದದ್ದನ್ನು ಟಿವಿ ಮುಗಿಸಿತು.

ಈಗ ನಿಮ್ಮ ಪೆಟ್ಟಿಗೆ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ. ಟೇಪಿನ ಅಂಟು ಕೆಲವು ವರ್ಷಕ್ಕೆ ಕಾಗದವನ್ನು ಕಲೆಮಾಡಿ ತಿನ್ನುತ್ತದೆ. ಬಿಸಿಲಿಗೆ ಒಣಗಿಸಬೇಡಿ. ಬೇವಿನ ಸೊಪ್ಪನ್ನು ಹಾಳೆಗಳ ನಡುವೆ ಇಡಬೇಡಿ, ಅದರ ರಸ ಅಚ್ಚೊತ್ತುತ್ತದೆ. ಬಜೆಯ ಬೇರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಡಿ. ತುಕ್ಕು ಹಿಡಿದ ಪಿನ್ನನ್ನು ಎಳೆಯಬಾರದು. ಹಿಂಬದಿಯ ಎರಡು ಕಾಲುಗಳನ್ನು ಮೊಂಡು ಚಾಕುವಿನಿಂದ ಎತ್ತಿ ನೆಟ್ಟಗೆ ಮಾಡಿ, ಆಮೇಲೆ ಮುಂದಿನಿಂದ ಹೊರತೆಗೆಯಿರಿ. ಪ್ರತಿಯೊಂದನ್ನೂ ಆಮ್ಲರಹಿತ ಕಾಗದದಲ್ಲಿ ಸುತ್ತಿ, ನಿಲ್ಲಿಸದೆ ಮಲಗಿಸಿ, ಐದಾರಕ್ಕಿಂತ ಹೆಚ್ಚು ಒಂದರ ಮೇಲೊಂದು ಪೇರಿಸದೆ ಇಡಿ. ಓದಬೇಕೆನಿಸಿದರೆ ಮೇಜಿನ ಮೇಲೆ ಅರ್ಧ ತೆರೆದು, ಎರಡೂ ಕಡೆ ದಿಂಬಿನ ಆಸರೆ ಕೊಟ್ಟು, ಮೊಬೈಲಿನಲ್ಲಿ ಪುಟಪುಟವಾಗಿ ಚಿತ್ರ ತೆಗೆದುಕೊಂಡು ಅದರಲ್ಲಿ ಓದಿ.

ಕನ್ನಡದವುಗಳ ಒಂದು ಪಟ್ಟಿ ಮಾಡಿ ಈ ಅಂಕಣದ ವಿಳಾಸಕ್ಕೆ ಕಳಿಸಿ. ಹೆಸರು, ಬರೆದವರು, ಅಚ್ಚು ಹಾಕಿದ ಊರು, ಬೆಲೆ, ಇಷ್ಟು ಸಾಕು. ಮೊದಲ ಹಾಳೆ ಹೋಗಿದ್ದರೆ ಒಳಗಿನ ಪುಟಗಳ ತಲೆಯ ಮೇಲೆ ಹೆಸರು ಇರುತ್ತದೆ, ನೋಡಿ. ಅಲ್ಲಿಯ ತನಕ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಗೋಡೆಗೆ ತಾಗದಂತೆ ಒಂದು ಗೇಣು ದೂರ ಇಡಿ. ಧಾರವಾಡದಲ್ಲಿ ಮಳೆ ಹಿಡಿಯುವ ಮೊದಲೇ ಈ ಕೆಲಸ ಆಗಬೇಕು.